ಚೀಟಿ ಎತ್ತುವ ಲ್ಯಾಬ್ ಪರೀಕ್ಷೆ ಸಾಕು: ನಮ್ಮ ಭಾಗದ ಇಂಜಿನಿಯರಿಂಗ್ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿಯ ಇಂಜಿನಿಯರಿಂಗ್ ಕಾಲೇಜುಗಳ ಪ್ರಾಚಾರ್ಯರಿಗೆ, ಕಂಪ್ಯೂಟರ್ ಸೈನ್ಸ್ ವಿಭಾಗದ ಗುರುಗಳಿಗೆ, ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ (ವಿಟಿಯು) ಕೂತು ಪಠ್ಯಕ್ರಮ ಮಾಡುವವರಿಗೆ,

ನಮಸ್ಕಾರ.

ನಾನು ಗದಗಿನವನು. ಹತ್ತನೇ ತನಕ ಕನ್ನಡ ಮಾಧ್ಯಮ. ನಿಮ್ಮಂಥದೇ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದಿ 2003ರಲ್ಲಿ ಹೊರಬಿದ್ದೆ. ಹದಿನೇಳು ವರ್ಷ ಬೆಂಗಳೂರಿನಲ್ಲಿದ್ದೆ. ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಬಗಲಲ್ಲಿ ಇಟ್ಟುಕೊಂಡು ಈ ಕಡೆ ಬಂದವನು ವಾಪಸ್ ಹೋಗಲಿಲ್ಲ. ಈಗ ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಒಂದು ಬಾಡಿಗೆ ಮಹಡಿ ಹಿಡಿದು, ಆರು ಜನ ಸೇರಿ ಸಣ್ಣಪುಟ್ಟ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ.

ಪತ್ರ ಬರೀತೀನಿ ಅಂದಾಗ ಮನೆಯವಳು ನಕ್ಕಳು. "ಕಾಲೇಜಿಗೆ ಪತ್ರ ಬರದ್ರ ಯಾರ ಓದ್ತಾರ್ರೀ?" ಅಂದಳು. ಇರಬಹುದು. ಆದರೆ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಓದಿದ ಸುಧಾ ಮೂರ್ತಿಯವರು 1974ರಲ್ಲಿ ಜೆ.ಆರ್.ಡಿ. ಟಾಟಾ ಅವರಿಗೆ ಒಂದು ಪೋಸ್ಟ್‌ಕಾರ್ಡ್ ಬರೆದಿದ್ದರಲ್ಲ. ಟಾಟಾದವರ ಟೆಲ್ಕೋ ಕಂಪನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕುವುದು ಬೇಡ ಅಂತ ಇತ್ತು. ಕಾರ್ಡಿಗೆ ಉತ್ತರವಾಗಿ ಸಂದರ್ಶನದ ಕರೆ ಬಂತು, ಕೆಲಸವೂ ಸಿಕ್ಕಿತು. ನಾನು ಕೆಲಸ ಕೇಳುತ್ತಿಲ್ಲ. ಚೀಟಿಯಲ್ಲಿ ಬಂದ ಪ್ರೋಗ್ರಾಂ ಬರೆಯುವ ನಿಮ್ಮ ಲ್ಯಾಬ್ ಪರೀಕ್ಷೆ ಬದಲಾಯಿಸಿ ಅಂತ ಕೇಳುತ್ತಿದ್ದೇನೆ. ಯಾಕೆ ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕಾಗುತ್ತದೆ. ಶುರು ಬ್ಯಾಡಗಿಯಿಂದ.

ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಒಬ್ಬ ದಲಾಲರಿಗೆ ಒಂದು ಆ್ಯಪ್ ಬೇಕಿತ್ತು. ತೂಕದ ಹತ್ತಿರ ನಿಂತ ಹುಡುಗ ಮೊಬೈಲಿನಲ್ಲಿ ರೈತರ ಹೆಸರು, ಲಾಟ್ ನಂಬರು, ಚೀಲ, ತೂಕ, ದರ ಹಾಕಿ ಸೇವ್ ಒತ್ತಬೇಕು. ಅತ್ತ ಅಂಗಡಿಯಲ್ಲಿ ಹಮಾಲಿ ಎಲ್ಲ ಲೆಕ್ಕ ಆಗಿ ಪಟ್ಟಿ ಪ್ರಿಂಟ್ ಆಗಬೇಕು. ಇಷ್ಟೇ. ಐದು ವರ್ಷದ ಹಿಂದೆ ಆಗಿದ್ದರೆ ಇದು ಇಬ್ಬರು ಹುಡುಗರಿಗೆ ಒಂದೂವರೆ ತಿಂಗಳ ಕೆಲಸ. ಈಗ ಏನು ಬೇಕು ಅಂತ ಹೇಳಿದರೆ ಕೋಡ್ ಬರೆದುಕೊಡುವ ಎಐ ಟೂಲ್ ಹಚ್ಚಿಕೊಂಡು ನಾನೊಬ್ಬನೇ ಒಂಬತ್ತು ದಿನದಲ್ಲಿ ಮುಗಿಸಿದೆ. ಸ್ವಲ್ಪ ಬೀಗಿದೆ ಕೂಡ.

ಕೋಡ್ ನೋಡಲು ಚೆಂದ ಇತ್ತು. ಕೇಳದೇ ಇದ್ದದ್ದನ್ನೂ ಟೂಲ್ ಮಾಡಿಕೊಟ್ಟಿತ್ತು. ಮಾಹಿತಿ ಬರೆದಿಟ್ಟುಕೊಳ್ಳುವ ದೂರದ ಕಂಪ್ಯೂಟರ್, ಅಂದರೆ ಸರ್ವರ್‌ನಿಂದ ಐದು ಸೆಕೆಂಡಿನೊಳಗೆ ಉತ್ತರ ಬರದಿದ್ದರೆ ಮತ್ತೊಮ್ಮೆ ಕಳಿಸು, ಹೀಗೆ ಮೂರು ಸಲ ನೋಡು ಅಂತ ತಾನೇ ಸೇರಿಸಿತ್ತು. ಎಷ್ಟು ಶಾಣ್ಯಾ ಅಲ್ವಾ ಅಂದುಕೊಂಡೆ. ಕೋಡ್ ಸರಿ ಇದೆಯಾ ಅಂತ ನೋಡುವ ಟೆಸ್ಟ್‌ಗಳನ್ನೂ ತಾನೇ ಬರೆದು, ತಾನೇ ಓಡಿಸಿ, ನಲವತ್ತೆರಡಕ್ಕೆ ನಲವತ್ತೆರಡೂ ಪಾಸ್ ಅಂತ ಹಸಿರು ಬಣ್ಣದಲ್ಲಿ ತೋರಿಸಿತು. ನಾನು ಮೇಲಿಂದ ಮೇಲೆ ಕಣ್ಣಾಡಿಸಿ ಕಳಿಸಿಬಿಟ್ಟೆ.

ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಪೇಟೆ. ಮೊದಲ ಸೋಮವಾರವೇ ಮಧ್ಯಾಹ್ನ ಫೋನ್ ಬಂತು.

"ಸಾಹೇಬ್ರ, ಒಂದ ಲಾಟಿಗೆ ಎರಡ ಸಲ ಹೆಂಗ ಬರ್ತೈತ್ರೀ?"

ಹದಿನಾಲ್ಕು ಚೀಲ ತಂದಿದ್ದ ಒಬ್ಬ ರೈತರ ಪಟ್ಟಿಯಲ್ಲಿ ಇಪ್ಪತ್ತೆಂಟು ಚೀಲ ಬಂದಿತ್ತು. ಪಟ್ಟಿ ಹಿಡಿದುಕೊಂಡು ಅಂಗಡಿಗೆ ಬಂದವರು ಆ ರೈತರೇ. "ನಾ ತಂದದ್ದ ಹದಿನಾಲ್ಕ. ಉಳದ ಹದಿನಾಲ್ಕ ಚೀಲ ಯಾರ್ವರೀ ಇವು?" ಅಂತ ಕೇಳಿದರಂತೆ. ನಲವತ್ತೆರಡು ಟೆಸ್ಟ್‌ಗೆ ಸಿಗದ ತಪ್ಪು ಅವರಿಗೆ ಒಂದು ನೋಟಕ್ಕೆ ಸಿಕ್ಕಿತ್ತು. ದುಡ್ಡು ತಗೊಂಡು ಸುಮ್ನೆ ಹೋಗಬಹುದಿತ್ತು. ಹೋಗಲಿಲ್ಲ.

ಆಗಿದ್ದು ಏನು ಅಂದರೆ, ಪೇಟೆ ದಿನ ಒಂದೇ ಜಾಗದಲ್ಲಿ ಸಾವಿರಾರು ಮೊಬೈಲು. ನೆಟ್ ತೆವಳುತ್ತದೆ. ಹುಡುಗ ಸೇವ್ ಒತ್ತಿದ. ಮಾಹಿತಿ ಸರ್ವರ್ ಮುಟ್ಟಿತು, ಅಲ್ಲಿ ಬರೆದೂ ಆಯಿತು. ಆದರೆ "ಬರೆದುಕೊಂಡೆ" ಅನ್ನುವ ಉತ್ತರ ವಾಪಸ್ ಬರಲು ಏಳೆಂಟು ಸೆಕೆಂಡು ಹಿಡಿಯಿತು. ಅಷ್ಟರಲ್ಲಿ ಆ್ಯಪ್ ಕಾದು ಬೇಸತ್ತು ಅದೇ ಲಾಟನ್ನು ಮತ್ತೊಮ್ಮೆ ಕಳಿಸಿತು. ಸರ್ವರ್ ಅದನ್ನು ಹೊಸ ಲಾಟ್ ಅಂತ ತಿಳಿದು ಮತ್ತೆ ಬರೆದುಕೊಂಡಿತು. ಕೇಳದೇ ಕೊಟ್ಟ ಶಾಣ್ಯಾತನದ ಫಲ ಇದು.

ಟೆಸ್ಟ್‌ಗಳಲ್ಲಿ ಯಾಕೆ ಸಿಗಲಿಲ್ಲ? ಅವುಗಳಲ್ಲಿ ಇದ್ದದ್ದು ನಕಲಿ ಸರ್ವರ್. ಕೇಳಿದ ತಕ್ಷಣ ಉತ್ತರ ಕೊಡುವಂಥದ್ದು, ಇಲ್ಲವೇ ಪೂರ್ತಿ ಸತ್ತು ಬಿದ್ದಂಥದ್ದು. ಮಾಹಿತಿ ಮುಟ್ಟಿ, ಉತ್ತರ ಮಾತ್ರ ತಡ ಆದರೆ ಏನು ಕತೆ ಅಂತ ಒಂದು ಟೆಸ್ಟೂ ಕೇಳಿರಲಿಲ್ಲ. ಕೋಡ್ ಬರೆಯುವಾಗ ಟೂಲ್‌ಗೆ ಹೊಳೆಯದೇ ಇದ್ದದ್ದು ಟೆಸ್ಟ್ ಬರೆಯುವಾಗ ಎಲ್ಲಿಂದ ಹೊಳೆಯಬೇಕು?

ಸರಿಪಡಿಸುವುದು ದೊಡ್ಡ ಕೆಲಸ ಇರಲಿಲ್ಲ. ಹುಡುಗ ಲಾಟ್ ತೆರೆದಾಗಲೇ ಮೊಬೈಲು ಅದಕ್ಕೊಂದು ಬೇರೆ ಗುರುತಿನ ನಂಬರ್ ಕೊಡಬೇಕು. ಅದೇ ನಂಬರ್ ಎರಡನೇ ಸಲ ಬಂದರೆ ಸರ್ವರ್ "ಇದು ಆಗಲೇ ಬಂದಿದೆ" ಅಂತ ಹೇಳಿ ಸುಮ್ಮನಾಗಬೇಕು. ಇದಕ್ಕೆ ನಮ್ಮ ಕಸುಬಿನಲ್ಲಿ ಐಡೆಂಪೊಟೆನ್ಸಿ ಕೀ ಅನ್ನುತ್ತಾರೆ. ಟೂಲ್‌ಗೆ ಎರಡು ಸಾಲಿನಲ್ಲಿ ಹೇಳಿದೆ. ಚಹಾ ಕುಡಿದು ಬರುವಷ್ಟರಲ್ಲಿ ಬರೆದಿಟ್ಟಿತ್ತು. ಚೆನ್ನಾಗಿಯೇ ಬರೆದಿತ್ತು. ಅದಕ್ಕೆ ಬರೆಯಲು ಬರುತ್ತಿತ್ತು, ಹೇಳಬೇಕಾದವನು ನಾನು ಹೇಳಿರಲಿಲ್ಲ.

ಬ್ಯಾಡಗಿ ಪೇಟೆಯಲ್ಲಿ ಲೆಕ್ಕ ಅಂದರೆ ತಮಾಷೆ ಅಲ್ಲ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ರೈತರ ಸಿಟ್ಟು ಎಲ್ಲಿ ತನಕ ಹೋಯಿತು ಅಂತ ಇಡೀ ರಾಜ್ಯ ನೋಡಿದೆ. ನಮ್ಮ ತಪ್ಪು ಚೀಲ ಜಾಸ್ತಿ ತೋರಿಸಿತು. ಕಡಿಮೆ ತೋರಿಸಿದ್ದರೆ? ನಾನು ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ.

ಮರುದಿನ ಗದಗಿಗೆ ಹೋದಾಗ ಅಪ್ಪನ ಮುಂದೆ ಇದನ್ನೆಲ್ಲ ಹೇಳಿದೆ. ಅವರಿಗೆ ಸರ್ವರ್, ಟೆಸ್ಟ್ ಗೊತ್ತಿಲ್ಲ. ಪೂರ್ತಿ ಕೇಳಿಸಿಕೊಂಡು ಅಂದರು: "ಜೋಡಿಸಿದಾಂವನೇ ಪ್ರೂಫ್ ನೋಡಿದ್ರ ಇನ್ನೇನ ಆಕ್ಕೈತಿ?"

ಅಪ್ಪ ಗದಗಿನ ಒಂದು ಪ್ರೆಸ್ಸಿನಲ್ಲಿ ಮೂವತ್ತು ವರ್ಷ ದುಡಿದವರು. ಗದಗನ್ನು ಮುದ್ರಣ ಕಾಶಿ ಅಂತ ಸುಮ್ನೆ ಕರೆಯುವುದಿಲ್ಲ. ಸಣ್ಣವನಿದ್ದಾಗ ಬುತ್ತಿ ಕೊಡಲು ಹೋಗಿ ಅಲ್ಲೇ ನಿಂತು ನೋಡುತ್ತಿದ್ದೆ. ಓರೆಯಾಗಿ ಇಟ್ಟ ಮರದ ಕೇಸು, ಅದರ ತುಂಬ ಸಣ್ಣ ಸಣ್ಣ ಖಾನೆ, ಖಾನೆಯಲ್ಲಿ ಸೀಸದ ಅಚ್ಚುಮೊಳೆ. ಅಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ. ಎಡಗೈಯಲ್ಲಿ ಮೊಳೆ ಜೋಡಿಸುವ ಸ್ಟಿಕ್. ಬಲಗೈ ನೋಡದೇನೇ ಸರಿಯಾದ ಖಾನೆಗೆ ಹೋಗುತ್ತಿತ್ತು. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಅಪ್ಪ ಅದನ್ನು ಪೇಪರ್ ಓದಿದಷ್ಟೇ ಸಲೀಸಾಗಿ ಓದುತ್ತಿದ್ದರು.

ಆದರೂ ಪ್ರೂಫ್ ಮಾತ್ರ ಇನ್ನೊಬ್ಬರೇ ನೋಡಬೇಕು. ಲಗ್ನಪತ್ರಿಕೆ ಇದ್ದರೂ ಅಷ್ಟೇ, ಪಂಚಾಂಗ ಇದ್ದರೂ ಅಷ್ಟೇ. ತಾನು ಏನು ಜೋಡಿಸಬೇಕು ಅಂತ ತಲೆಯಲ್ಲಿ ಇರುತ್ತದೋ ಅದನ್ನೇ ಮೊಳೆ ಜೋಡಿಸುವ ಕಂಪೋಸಿಟರ್ ಕಣ್ಣು ಓದಿಕೊಂಡು ಹೋಗಿಬಿಡುತ್ತದೆ. ಮೊಳೆ ತಪ್ಪಿದ್ದರೂ ಕಾಣುವುದಿಲ್ಲ. ಪ್ರೆಸ್ಸಿನವರಿಗೆ ಇದು ಮೊದಲ ಪಾಠ. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಮಾಡಿದ ನನಗೆ ಮೆಣಸಿನಕಾಯಿ ಪೇಟೆಯಲ್ಲಿ ನೆನಪಾಯಿತು.

ಆಮೇಲೆ ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ಡಿಟಿಪಿ ಬಂತು. ಮೊಳೆಗಳನ್ನು ಗುಜರಿಗೆ ತೂಕದ ಮೇಲೆ ಹಾಕಿದರು. ಅಪ್ಪನೂ ಸೇರಿ ಇದ್ದ ಏಳು ಜನರಲ್ಲಿ ಐದು ಜನ ಮನೆಗೆ ಹೋದರು. ಒಬ್ಬರು ಬೆಟಗೇರಿಯಲ್ಲಿ ಕಿರಾಣಿ ಅಂಗಡಿ ಹಾಕಿದರು, ಒಬ್ಬರು ವಿಮೆ ಏಜೆಂಟ್ ಆದರು. ಅಪ್ಪನನ್ನೂ ಇನ್ನೊಬ್ಬರನ್ನೂ ಪ್ರೂಫ್ ಟೇಬಲ್ಲಿಗೆ ಕೂರಿಸಿದರು. ಯಾಕೆ ಅವರಿಬ್ಬರೇ? ತಪ್ಪು ಹಿಡಿಯುವ ಕಣ್ಣು ಇತ್ತು. ಆ ಕಣ್ಣು ಬಂದದ್ದು ಹತ್ತಾರು ವರ್ಷ ಮೊಳೆ ಜೋಡಿಸಿ ಜೋಡಿಸಿ. ಡಿಟಿಪಿಯಿಂದಲೇ ಶುರು ಮಾಡಿದ ಹುಡುಗರಿಗೆ ಅಂಥ ಕಣ್ಣು ಬರಲಿಲ್ಲ ಅನ್ನುವುದು ಅಪ್ಪನ ವಾದ. ಅದು ಅವರ ಅಭಿಪ್ರಾಯ, ಡಿಟಿಪಿಯವರು ನನ್ನ ಜೊತೆ ಜಗಳಕ್ಕೆ ಬರಬಾರದು.

ಗುರುಗಳೇ, ನಿಮ್ಮ ಹತ್ತಿರ ನನ್ನ ತಕರಾರು ಇರುವುದು ಇಲ್ಲಿಯೇ. ನಮ್ಮ ಕಸುಬು ಈಗ ಪ್ರೂಫ್ ಟೇಬಲ್ಲಿಗೆ ಬಂದು ಕೂತಿದೆ. ನೀವು ಇನ್ನೂ ಮಕ್ಕಳಿಗೆ ಮೊಳೆ ಜೋಡಿಸಿದ್ದಕ್ಕೇ ಅಂಕ ಕೊಡುತ್ತಿದ್ದೀರಿ. ಮಕ್ಕಳು ಅದನ್ನೂ ತಾವು ಜೋಡಿಸುತ್ತಿಲ್ಲ.

ಎಷ್ಟು ಬೇಗ ಬದಲಾಯಿತು ನೋಡಿ. 2021ರಲ್ಲಿ ಗಿಟ್‌ಹಬ್ ಕೋಪೈಲಟ್ ಬಂದಾಗ ಅದು ಸಾಲು ಮುಗಿಸಿಕೊಡುತ್ತಿತ್ತು, ಅಷ್ಟೇ. ನಾವು ಅರ್ಧ ಬರೆದರೆ ಉಳಿದರ್ಧ ಊಹಿಸುತ್ತಿತ್ತು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಪ್ರಶ್ನೆ ಕೇಳಿ, ಬಂದ ಕೋಡ್ ಕಾಪಿ ಮಾಡಿ ಅಂಟಿಸುವುದು ಶುರುವಾಯಿತು. 2025ರ ಹೊತ್ತಿಗೆ ಕರ್ಸರ್, ಕ್ಲಾಡ್ ಕೋಡ್ ಥರದ ಟೂಲ್‌ಗಳು ಪೂರ್ತಿ ಕೆಲಸವನ್ನೇ ವಹಿಸಿಕೊಳ್ಳತೊಡಗಿದವು. ಫೈಲುಗಳನ್ನು ತಾವೇ ತೆರೆದು ಓದುತ್ತವೆ, ತಿದ್ದುತ್ತವೆ, ಟೆಸ್ಟ್ ಓಡಿಸುತ್ತವೆ, ಬಿದ್ದರೆ ಮತ್ತೆ ತಿದ್ದುತ್ತವೆ. ಅದೇ ವರ್ಷ ಫೆಬ್ರುವರಿಯಲ್ಲಿ ಎಐ ಸಂಶೋಧಕ ಆಂದ್ರೇ ಕಾರ್ಪತಿ ಇದಕ್ಕೆ "ವೈಬ್ ಕೋಡಿಂಗ್" ಅಂತ ಹೆಸರಿಟ್ಟರು. ಕೋಡ್ ಕಡೆ ನೋಡದೇನೇ, ಬಂದದ್ದನ್ನು ಒಪ್ಪಿಕೊಂಡು ಹೋಗುವುದು. ವಾರಾಂತ್ಯದ ಆಟಕ್ಕೆ ಪರವಾಗಿಲ್ಲ ಅಂತ ಅವರೇ ಹೇಳಿದ್ದರು. ಆ ಮಾತನ್ನು ಮಾತ್ರ ಎಲ್ಲರೂ ಮರೆತರು.

ನನ್ನ ದಿನ ಈಗ ಹೀಗಿದೆ. ಬೆಳಿಗ್ಗೆ ಏನು ಬೇಕು ಅಂತ ಒಂದು ಪುಟ ಬರೆಯುತ್ತೇನೆ. ಟೂಲ್ ಎಂಟುನೂರು ಸಾಲು ಕೋಡ್ ಮುಂದಿಡುತ್ತದೆ. ಉಳಿದ ದಿನವೆಲ್ಲ ಓದುವುದು. ಇದು ಯಾಕೆ ಹೀಗೆ, ಇಲ್ಲಿ ಖಾಲಿ ಬಂದರೆ ಏನಾಗುತ್ತದೆ, ಈ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ನಿಜವಾಗಿ ಇದೆಯಾ ಅಥವಾ ಹೆಸರು ಹುಟ್ಟಿಸಿಕೊಂಡು ಹೇಳಿದೆಯಾ. ಹಿಂದೆ ಕೋಡ್ ಬರೆದು ದಣಿಯುತ್ತಿದ್ದೆ, ಈಗ ಓದಿ ದಣಿಯುತ್ತೇನೆ. ಓದಿ ದಣಿಯುವುದು ಜಾಸ್ತಿ ಸುಸ್ತು. ಬರೆಯುವಾಗ ತಪ್ಪು ಎಲ್ಲಿರಬಹುದು ಅಂತ ಬೆರಳಿಗೇ ಗೊತ್ತಿರುತ್ತಿತ್ತು. ಬೇರೆಯವರು ಬರೆದದ್ದರಲ್ಲಿ, ಅದೂ ಇಷ್ಟು ನೀಟಾಗಿ ಬರೆದದ್ದರಲ್ಲಿ, ತಪ್ಪು ಹುಡುಕುವುದು ಇಸ್ತ್ರಿ ಮಾಡಿದ ಅಂಗಿಯಲ್ಲಿ ಹರಕು ಹುಡುಕಿದ ಹಾಗೆ.

ಗೂಗಲ್‌ನಲ್ಲಿ ಹೊಸ ಕೋಡಿನ ಕಾಲು ಭಾಗಕ್ಕಿಂತ ಜಾಸ್ತಿ ಎಐ ಬರೆಯುತ್ತಿದೆ ಅಂತ ಸುಂದರ್ ಪಿಚೈ 2024ರ ಅಕ್ಟೋಬರ್‌ನಲ್ಲಿ ಹೇಳಿದ್ದರು. ಪತ್ರಿಕೆಗಳ ತಲೆಬರಹ ಅಲ್ಲಿಗೇ ನಿಂತಿತು. ಅದನ್ನು ಇಂಜಿನಿಯರುಗಳು ಪರಿಶೀಲಿಸಿ ಒಪ್ಪಿಕೊಳ್ಳುತ್ತಾರೆ ಅಂತಲೂ ಅದೇ ಉಸಿರಿನಲ್ಲಿ ಹೇಳಿದ್ದರು. ನಮ್ಮ ಕೆಲಸ ಎಲ್ಲಿ ಉಳಿದಿದೆ ಅನ್ನುವುದು ಆ ಎರಡನೇ ಮಾತಿನಲ್ಲಿದೆ.

ಟೂಲ್ ಹಚ್ಚಿದರೆ ಕೆಲಸ ಬೇಗ ಆಗುತ್ತದೆ ಅನ್ನುವುದೂ ಪೂರ್ತಿ ನಿಜ ಅಲ್ಲ. ಎಂ.ಇ.ಟಿ.ಆರ್. ಅನ್ನುವ ಸಂಶೋಧನಾ ಸಂಸ್ಥೆ 2025ರಲ್ಲಿ 16 ಜನ ಅನುಭವಿ ಡೆವಲಪರ್‌ಗಳಿಗೆ ಅವರೇ ವರ್ಷಗಟ್ಟಲೆ ನೋಡಿಕೊಂಡು ಬಂದ ಪ್ರಾಜೆಕ್ಟ್‌ಗಳಲ್ಲಿ 246 ಕೆಲಸ ಮಾಡಲು ಹೇಳಿತು. ಕೆಲವಕ್ಕೆ ಎಐ ಬಳಸಬಹುದು, ಕೆಲವಕ್ಕೆ ಬಳಸುವಂತಿಲ್ಲ. ಎಐ ಬಳಸಿದ ಕಡೆ 19% ಜಾಸ್ತಿ ಹೊತ್ತು ಹಿಡಿಯಿತು. ಮಜಾ ಏನೆಂದರೆ, ಮುಗಿದ ಮೇಲೆ ಕೇಳಿದಾಗಲೂ ತಾವು 20% ಬೇಗ ಮುಗಿಸಿದೆವು ಅಂತಲೇ ಅವರು ನಂಬಿದ್ದರು. ಆಗಿನ ಟೂಲ್‌ಗಳಿಗಿಂತ ಈಗಿನವು ಚುರುಕು, ಅದು ಬೇರೆ ಮಾತು. ನನ್ನನ್ನು ಕಾಡುವುದು ಆ ನಂಬಿಕೆ. ಇಷ್ಟು ಪಳಗಿದವರಿಗೇ ತಾವು ಬೇಗ ಹೋಗುತ್ತಿದ್ದೇವೋ ನಿಧಾನವೋ ಗೊತ್ತಾಗಲಿಲ್ಲ. ನಿಮ್ಮ ಐದನೇ ಸೆಮಿಸ್ಟರ್ ಹುಡುಗನಿಗೆ ಗೊತ್ತಾಗುತ್ತದಾ?

ಈಗ ಮದುವೆ ಮನೆ, ಉಣಕಲ್ ಕೆರೆ ದಂಡೆ, ಚಿಗರಿ ಬಸ್ಸು, ಎಲ್ಲಿ ಸಿಕ್ಕರೂ ಪಾಲಕರು ಕೇಳುವುದು ಒಂದೇ. "ಮಗನ್ನ ಸಿಎಸ್‌ಗೆ ಹಾಕ್ಬೇಕೋ ಬ್ಯಾಡೋ?" ಟಿಸಿಎಸ್ 2025ರ ಜುಲೈನಲ್ಲಿ ಸಿಬ್ಬಂದಿಯಲ್ಲಿ ಸುಮಾರು 2%, ಅಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿದ ಮೇಲಂತೂ ಈ ಪ್ರಶ್ನೆ ಜಾಸ್ತಿಯಾಗಿದೆ. ಅದಕ್ಕೆ ಕಾರಣ ಎಐ ಅಲ್ಲ ಅಂತ ಕಂಪನಿಯ ಮುಖ್ಯಸ್ಥರೇ ಹೇಳಿದ್ದರು. ಎಲ್ಲವನ್ನೂ ಎಐ ತಲೆಗೆ ಕಟ್ಟುವುದು ನನಗೂ ಸರಿ ಕಾಣುವುದಿಲ್ಲ. ಆದರೆ ಅದೇ ವರ್ಷ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅಮೆರಿಕದ ಸಂಬಳದ ದಾಖಲೆಗಳನ್ನು ಜಾಲಾಡಿ ಒಂದು ವರದಿ ಕೊಟ್ಟರು. ಎಐ ಜಾಸ್ತಿ ತಟ್ಟುವ ಕೆಲಸಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ ಬೇರೆಯವರಿಗೆ ಹೋಲಿಸಿದರೆ 13% ಇಳಿದಿತ್ತು. ಅದೇ ಕೆಲಸದಲ್ಲಿರುವ ದೊಡ್ಡವರಿಗೆ ಏನೂ ಆಗಿರಲಿಲ್ಲ. ಅಮೆರಿಕದ ಲೆಕ್ಕವನ್ನು ಹುಬ್ಬಳ್ಳಿಗೆ ಹಾಗೇ ಹಚ್ಚಲು ಬರುವುದಿಲ್ಲ. ಆದರೂ ನಮ್ಮ ಆರು ಜನರ ಆಫೀಸಿನಲ್ಲೇ ನೋಡಿ, ಬ್ಯಾಡಗಿ ಕೆಲಸಕ್ಕೆ ಹಿಂದೆ ಆಗಿದ್ದರೆ ಇಬ್ಬರು ಹೊಸಬರನ್ನು ತಗೊಳ್ಳುತ್ತಿದ್ದೆ. ತಗೊಳ್ಳಲಿಲ್ಲ. ಈ ಪಾಪದಲ್ಲಿ ನನ್ನದೂ ಪಾಲಿದೆ.

ನಾನು ಕೋಡ್ ಓದಲು ಕಲಿತದ್ದು ಹೇಗೆ? ಮೊದಲ ವರ್ಷ ಟರ್ಬೊ ಸಿ ನೀಲಿ ಪರದೆ ಮುಂದೆ ಎರಡು ದಿನ ಕೂತಿದ್ದೆ. ಎರಡು ಸಮ ಚಿಹ್ನೆ ಇರಬೇಕಾದಲ್ಲಿ ಒಂದೇ ಹಾಕಿದ್ದೆ. ಹೋಲಿಸು ಅನ್ನುವ ಬದಲು ಇಟ್ಟುಕೋ ಅಂದಿದ್ದೆ. ಮಿಷನ್ ತಪ್ಪು ಅನ್ನಲಿಲ್ಲ, ಇಟ್ಟುಕೊಂಡಿತು. ಎರಡನೇ ದಿನ ಸಂಜೆ ಸಿಕ್ಕಾಗ ಅಳು ಬಂತು. ಇವತ್ತಿಗೂ ಯಾರ ಕೋಡ್ ನೋಡಿದರೂ ಕಣ್ಣು ಮೊದಲು ಆ ಜಾಗಕ್ಕೇ ಹೋಗುತ್ತದೆ. ಆಮೇಲೆ ಬೆಂಗಳೂರಿನಲ್ಲಿ ಮೊದಲ ಎರಡು ವರ್ಷ ಬೇರೆಯವರ ಸಣ್ಣ ಸಣ್ಣ ತಪ್ಪು ತಿದ್ದುವ ಕೆಲಸವನ್ನೇ ಕೊಟ್ಟರು. ಬೇಸರದ ಕೆಲಸ. ಈಗ ಆ ಬೇಸರದ ಕೆಲಸವೇ ಟೂಲ್ ಪಾಲಾಗಿದೆ. ಹಾಗಾದರೆ ಇವತ್ತಿನ ಹುಡುಗರಿಗೆ ಆ ಕಣ್ಣು ಎಲ್ಲಿ ಬರಬೇಕು? ಕಂಪನಿಯಲ್ಲಿ ಬರುತ್ತಿತ್ತು, ಕಂಪನಿ ಆ ಮೆಟ್ಟಿಲು ತೆಗೆದುಬಿಟ್ಟಿದೆ. ಉಳಿದದ್ದು ನಿಮ್ಮ ನಾಲ್ಕು ವರ್ಷ.

ಹೋದ ವರ್ಷ ಒಬ್ಬರನ್ನಾದರೂ ತಗೊಳ್ಳೋಣ ಅಂತ ಸಂದರ್ಶನ ಮಾಡಿದೆವು. ಒಬ್ಬ ಹುಡುಗ ಬಂದಿದ್ದ. ಅಂಕ ಚೆನ್ನಾಗಿತ್ತು. ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಪ್ರಾಜೆಕ್ಟ್ ತೋರಿಸಿದ, ಪರದೆ ಥಳಥಳ ಅಂತಿತ್ತು. ಒಂದು ಸಾಲಿನ ಮೇಲೆ ಬೆರಳಿಟ್ಟು ಇದು ಏನು ಮಾಡುತ್ತದೆ ತಮ್ಮಾ ಅಂತ ಕೇಳಿದೆ. ಸುಮ್ಮನೆ ನೋಡಿದ. "ಅದು ಎಐ ಬರದಿದ್ರೀ ಸರ್" ಅಂದ. ಮುಚ್ಚಿಡಲಿಲ್ಲ, ಅದು ನನಗೆ ಇಷ್ಟ ಆಯಿತು. ಹೊರಗಿನಿಂದ ಬಂದ ಪರೀಕ್ಷಕರು, ಎಕ್ಸ್‌ಟರ್ನಲ್, ಏನು ಕೇಳಿದರು ಅಂದೆ. "ರಿಪೋರ್ಟ್ ಬೈಂಡಿಂಗ್ ನೋಡಿದ್ರೀ ಸರ್." ಇದರಲ್ಲಿ ಆ ಹುಡುಗನ ತಪ್ಪು ಎಷ್ಟು, ನೀವೇ ಹೇಳಿ.

ನಾವೂ ಏನು ಸಾಚಾ ಅಲ್ಲ. ನಮ್ಮ ಕಾಲದಲ್ಲಿ ಲ್ಯಾಬಿನ ದಾಖಲೆ ಪುಸ್ತಕ, ಜರ್ನಲ್, ಅಂದರೆ ಸೀನಿಯರ್ ಜರ್ನಲ್ ನೋಡಿ ರಾತ್ರಿಯೆಲ್ಲ ಬರೆಯುವುದು. ಲ್ಯಾಬ್ ಪರೀಕ್ಷೆಗೆ ಹನ್ನೆರಡು ಪ್ರೋಗ್ರಾಂ ಬಾಯಿಪಾಠ. ಹೋಗಿ ಚೀಟಿ ಎತ್ತುವುದು, ಬಂದದ್ದನ್ನು ಬರೆಯುವುದು. ಆದರೆ ಕೈಯಿಂದ ಬರೆಯುವಾಗ ಏನೋ ಒಂದಿಷ್ಟು ತಲೆಗೂ ಹೋಗುತ್ತಿತ್ತು. ಈಗ ಅದೂ ಇಲ್ಲ. ಅಸೈನ್‌ಮೆಂಟ್ ಟೂಲ್ ಮಾಡುತ್ತದೆ, ಪರೀಕ್ಷೆಗೆ ಮತ್ತೆ ಬಾಯಿಪಾಠ. ನಡುವೆ ಕಲಿಕೆ ಅನ್ನುವುದು ಯಾವ ಸ್ಟಾಪಿನಲ್ಲೂ ಹತ್ತುವುದಿಲ್ಲ.

ಅದೇ ದಿನ ಒಬ್ಬಳು ಹುಡುಗಿಯೂ ಬಂದಿದ್ದಳು. ನಾನು ಸಂದರ್ಶನದ ಪ್ರಶ್ನೆ ಬದಲಾಯಿಸಿದ್ದೆ. ಬ್ಯಾಡಗಿ ಕೋಡಿನ ತಪ್ಪಿದ್ದ ಭಾಗವನ್ನೇ ಪ್ರಿಂಟ್ ತೆಗೆದು ಮುಂದಿಟ್ಟು, ಒಂದು ಲಾಟ್ ಎರಡು ಸಲ ಬರುತ್ತಿದೆ, ಯಾಕೆ ಅಂತ ಕೇಳಿದೆ. "ಸರ್, ಒಂದ ಖಾಲಿ ಹಾಳಿ ಕೊಡ್ರೀ" ಅಂದಳು. ಎರಡು ಗೆರೆ ಎಳೆದು, ಒಂದರ ಮೇಲೆ ಮೊಬೈಲ್, ಇನ್ನೊಂದರ ಮೇಲೆ ಸರ್ವರ್ ಅಂತ ಬರೆದು, ನಡುವೆ ಬಾಣ ಹಾಕುತ್ತಾ ಹೋದಳು. ವಾಪಸ್ ಬರುವ ಬಾಣ ಎಳೆಯುವಾಗ ಪೆನ್ನು ನಿಂತಿತು. "ಇದು ತಡಾ ಆದ್ರ ಏನ್ರೀ ಸರ್?" ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಐಡೆಂಪೊಟೆನ್ಸಿ ಅನ್ನುವ ಶಬ್ದ ಅವಳು ಕೇಳಿರಲಿಲ್ಲ. ಅವಳ ಅಪ್ಪನಿಗೆ ಗದಗ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇದೆ, ರಜೆಯಲ್ಲಿ ಅಲ್ಲೇ ಕೂರುತ್ತಿದ್ದಳಂತೆ. ರಿಪೇರಿ ಮಾಡುವವರ ಮಗಳು ತಪ್ಪನ್ನು ಹೇಗೆ ಬೆನ್ನಟ್ಟಬೇಕು ಅಂತ ಮನೆಯಲ್ಲೇ ಕಲಿತಿದ್ದಳು. ಅವಳು ಈಗ ನಮ್ಮಲ್ಲಿ ಏಳನೆಯವಳು. ಆರು ಜನ ಅಂತ ಮೇಲೆ ಬರೆದದ್ದು ರೂಢಿಯಿಂದ.

ಹಾಗಾಗಿ ನನ್ನ ಕೋರಿಕೆ ಏನೆಂದರೆ, ಲ್ಯಾಬ್ ಪರೀಕ್ಷೆಯಲ್ಲಿ ಪ್ರೋಗ್ರಾಂ ಬರೆಯಿರಿ ಅನ್ನುವ ಚೀಟಿ ತೆಗೆದುಬಿಡಿ. ಅದರ ಬದಲು ಮುನ್ನೂರು ಸಾಲಿನ, ಓಡುವ, ನೋಡಲು ಸರಿ ಅನ್ನಿಸುವ ಕೋಡ್ ಕೊಡಿ. ಒಳಗೆ ಮೂರು ತಪ್ಪು ಇರಲಿ. ಒಂದು ಸಲೀಸಾಗಿ ಸಿಗುವಂಥದ್ದು, ಒಂದು ತಿಣುಕಬೇಕಾದದ್ದು, ಇನ್ನೊಂದು ಆ ಕೋಡ್ ಯಾವ ಕೆಲಸಕ್ಕೆ ಅಂತ ತಿಳಿಯದೇ ಸಿಗದಂಥದ್ದು. ಮೂರು ತಾಸು. ಎಲ್ಲಿ ತಪ್ಪು, ಯಾಕೆ ತಪ್ಪು, ಯಾವ ಟೆಸ್ಟ್ ಬರೆದಿದ್ದರೆ ಸಿಗುತ್ತಿತ್ತು, ಇಷ್ಟು ಬರೆಯಲಿ. ಇಂಥ ಕೋಡ್ ತಯಾರಿಸಲು ನೀವು ರಾತ್ರಿ ನಿದ್ದೆಗೆಡಬೇಕಾಗಿಲ್ಲ. ಟೂಲ್‌ಗೇ ಹೇಳಿ, ತಪ್ಪು ಕೋಡ್ ಬರೆಯುವುದರಲ್ಲಿ ಅದು ಎತ್ತಿದ ಕೈ.

ಮೊದಲ ವರ್ಷ ಮಾತ್ರ ಟೂಲ್ ಬೇಡವೇ ಬೇಡ. ಅಲ್ಲಿ ಮೊಳೆ ಜೋಡಿಸಲೇಬೇಕು. ನೆಟ್ ಇಲ್ಲದ ಲ್ಯಾಬಿನಲ್ಲಿ, ಕೈಯಿಂದ, ಅತ್ತರೂ ಚಿಂತೆ ಇಲ್ಲ. ಮೂರನೇ ವರ್ಷದ ನಂತರ ಪೂರ್ತಿ ಬಿಟ್ಟುಬಿಡಿ, ಏನು ಬೇಕಾದರೂ ಬಳಸಲಿ. ಆದರೆ ಒಬ್ಬರು ಮಾಡಿಸಿದ ಕೋಡನ್ನು ಇನ್ನೊಬ್ಬರು ಓದಿ ಸಹಿ ಹಾಕಬೇಕು. ತಪ್ಪು ಉಳಿದರೆ ಅಂಕ ಇಬ್ಬರದೂ ಹೋಗಬೇಕು. ಗೆಳೆತನ ಸ್ವಲ್ಪ ಕೆಡಬಹುದು. ಪ್ರೆಸ್ಸಿನಲ್ಲೂ ಕೆಡುತ್ತಿತ್ತು.

ಪ್ರಾಜೆಕ್ಟ್ ಬಗ್ಗೆ ಒಂದು ಮಾತು. ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಇನ್ನು ಸಾಕು. ಟೂಲ್ ಅದನ್ನು ಐದು ನಿಮಿಷದಲ್ಲಿ ಮಾಡುತ್ತದೆ, ಅಂಥವು ಲಕ್ಷಗಟ್ಟಲೆ ನೋಡಿ ಕಲಿತಿದೆ. ಬೆಟಗೇರಿಯ ನೇಕಾರರ ಮನೆಯಲ್ಲಿ ಸೀರೆಯ ಲೆಕ್ಕ ಹೇಗೆ ಇಡುತ್ತಾರೆ, ಟೂಲ್‌ಗೆ ಗೊತ್ತಿಲ್ಲ. ಹಾವೇರಿಯ ಯಾಲಕ್ಕಿ ಹಾರದ ಆರ್ಡರ್ ಹೇಗೆ ಬರುತ್ತದೆ, ಹಬ್ಬದ ಮುಂದೆ ಎಷ್ಟು ತಡ ಆಗುತ್ತದೆ, ಗೊತ್ತಿಲ್ಲ. ಮಕ್ಕಳನ್ನು ಅಲ್ಲಿ ಒಂದು ವಾರ ಸುಮ್ನೆ ಕೂರಿಸಿ. ಏನು ಮಾಡಬೇಕು ಅಂತ ಎರಡು ಪುಟ ಬರೆದು ತರಲಿ. ಅಂಕದಲ್ಲಿ ಅರ್ಧ ಆ ಎರಡು ಪುಟಕ್ಕೆ. ನಾನು ಬ್ಯಾಡಗಿಯ ಪೇಟೆಯಲ್ಲಿ ಒಂದು ಸೋಮವಾರ ನಿಂತಿದ್ದರೆ ನೆಟ್ ತೆವಳುವುದನ್ನು ಕಣ್ಣಾರೆ ನೋಡಿರುತ್ತಿದ್ದೆ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಒಂದು ಬ್ಯಾಚಿಗೆ ಅರವತ್ತು ಮಕ್ಕಳು, ಮೇಲೆ ನ್ಯಾಕ್ ಮಾನ್ಯತೆಯ ಫೈಲು, ಪಠ್ಯಕ್ರಮ ಬರುವುದು ಮೇಲಿನಿಂದ. ಆದರೆ ಈಗ ಸ್ವಾಯತ್ತ ಕಾಲೇಜುಗಳು ಕಡಿಮೆ ಏನಿಲ್ಲ, ತಮ್ಮ ಪರೀಕ್ಷೆ ತಾವೇ ಮಾಡುವ ವಿಶ್ವವಿದ್ಯಾಲಯ ಹುಬ್ಬಳ್ಳಿಯಲ್ಲೇ ಇದೆ. ಧಾರವಾಡದಲ್ಲಿ ಐಐಟಿ ಇದೆ, ಐಐಐಟಿಯೂ ಇದೆ. ಅಲ್ಲಿಯ ಗುರುಗಳು ಒಂದು ಶನಿವಾರ ಗದಗ, ಹಾವೇರಿಯ ಕಾಲೇಜಿನವರ ಜೊತೆ ಕೂತರೆ ತಪ್ಪಿರುವ ನೂರು ಕೋಡಿನ ಒಂದು ಕಟ್ಟು ತಯಾರಾಗುತ್ತದೆ. ಯಾರೂ ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಟೂಲ್ ಮೇಲೆ ನನಗೆ ಸಿಟ್ಟಿದೆ ಅಂದುಕೊಳ್ಳಬೇಡಿ. ಒಂದು ವಿಷಯಕ್ಕೆ ಅದಕ್ಕೆ ಕೈ ಮುಗಿಯುತ್ತೇನೆ. ಕನ್ನಡ ಮಾಧ್ಯಮದಿಂದ ಬಂದ ನನಗೆ ಮೊದಲ ವರ್ಷ ಕಂಪ್ಯೂಟರ್ ಅಂದರೆ ಇಂಗ್ಲಿಷಿನಲ್ಲಿ ಬೈಯುವ ಪೆಟ್ಟಿಗೆ. "ನಲ್ ಪಾಯಿಂಟರ್ ಅಸೈನ್‌ಮೆಂಟ್" ಅಂತ ಬಂದಾಗ ಇನ್ನೊಂದು ಅಸೈನ್‌ಮೆಂಟ್ ಬರೆಯಬೇಕೇನೋ ಅಂತ ಹೆದರಿದ್ದೆ. ಕೇಳಲು ನಾಚಿಕೆ. ಈಗ ಹಾನಗಲ್‌ನ ಹುಡುಗಿ ರಾತ್ರಿ ಹನ್ನೊಂದಕ್ಕೆ ಹಾಸ್ಟೆಲಿನಲ್ಲಿ ಕೂತು "ಇದು ಯಾಕ ತಪ್ಪ ಬರ್ತೈತಿ, ಕನ್ನಡದಾಗ ಹೇಳು" ಅಂತ ಕೇಳಬಹುದು. ಹತ್ತು ಸಲ ಕೇಳಿದರೂ ಅದಕ್ಕೆ ಬೇಸರ ಇಲ್ಲ, ಯಾರೂ ನಗುವುದಿಲ್ಲ. ನನಗೆ ಆಗ ಇದು ಸಿಕ್ಕಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಬರೆದು ಕೊಡು ಅನ್ನುವ ಬದಲು ಹೀಗೆ ಕೇಳುವುದನ್ನು ಯಾರಾದರೂ ಅವಳಿಗೆ ಕಲಿಸಬೇಕು. ಹೇಗೆ ಕೇಳಿದಳು ಅನ್ನುವುದಕ್ಕೂ ಅಂಕ ಕೊಡಿ. ಆ ಮಾತುಕತೆಯ ಪ್ರಿಂಟನ್ನೇ ಜರ್ನಲ್‌ಗೆ ಹಚ್ಚಿಸಿ.

ದುಡ್ಡಿನ ಮಾತೂ ಇದೆ. ಒಳ್ಳೆಯ ಟೂಲ್‌ಗಳಲ್ಲಿ ಹಲವಕ್ಕೆ ತಿಂಗಳಿಗೆ 20 ಡಾಲರ್ ಕೊಡಬೇಕು. ನಮ್ಮ ಕಡೆ ಹಾಸ್ಟೆಲ್ ಹುಡುಗರಿಗೆ ಅದು ಸಣ್ಣ ದುಡ್ಡಲ್ಲ. ಲ್ಯಾಬಿನಲ್ಲಿ ಕಾಲೇಜಿನದೇ ಒಂದು ಖಾತೆ ಇರಲಿ, ಇಲ್ಲದಿದ್ದರೆ ಇದ್ದವರ ಮಕ್ಕಳು ಮಾತ್ರ ಪಳಗುತ್ತಾರೆ.

ನನ್ನ ಕಡೆಯಿಂದ ಏನು ಅಂತ ಕೇಳಬಹುದು. ಬ್ಯಾಡಗಿಯ ಆ ಕೋಡನ್ನು, ಹೆಸರು ಗಿಸರು ತೆಗೆದು, ತಪ್ಪು ಹಾಗೇ ಇಟ್ಟು ಕೊಡುತ್ತೇನೆ. ದಲಾಲರು ಒಪ್ಪಿದ್ದಾರೆ. "ನಮ್ಮ ಹೆಸರ ಬರಬಾರದು, ಕಾಯಿ ಹೆಸರ ಬಂದ್ರ ಅಡ್ಡಿಯಿಲ್ಲ" ಅಂದರು. ಇಂಥ ಇನ್ನೂ ನಾಲ್ಕೈದು ನನ್ನ ಹತ್ತಿರ ಇವೆ, ಹೇಳಿಕೊಳ್ಳಲು ನಾಚಿಕೆಯಾಗುವಂಥವು. ತಿಂಗಳಲ್ಲಿ ಎರಡು ಶನಿವಾರ ಬರಲು ನಾನೂ ತಯಾರು, ನಮ್ಮ ಏಳನೆಯವಳೂ ತಯಾರು. ಅವಳು ಹಾಳಿ ಪೆನ್ನು ತರುತ್ತಾಳೆ. ನಿಮ್ಮ ಮುಂದಿನ ಲ್ಯಾಬ್ ಪರೀಕ್ಷೆಗೆ ಇನ್ನೂ ಎರಡು ತಿಂಗಳಿದೆ. ಒಂದೇ ಬ್ಯಾಚ್, ಒಂದೇ ವಿಷಯ ಸಾಕು, ಮಾಡಿ ನೋಡೋಣ.

ಇಂತಿ ನಿಮ್ಮ ವಿಶ್ವಾಸಿ,
ಗೋಕುಲ ರೋಡಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್, ಹುಬ್ಬಳ್ಳಿ

ತಾ.ಕ.: ಈ ಪತ್ರವನ್ನು ಅಪ್ಪನಿಗೆ ಪ್ರೂಫ್ ನೋಡಲು ಕೊಟ್ಟಿದ್ದೆ. ಪೆನ್ಸಿಲ್ ಹಿಡಿದು ಒಂಬತ್ತು ತಪ್ಪು ತೆಗೆದರು. ನಾನು ಮೊದಲು "ಪ್ರಾಂಶುಪಾಲರಿಗೆ" ಅಂತ ಬರೆದಿದ್ದೆ, "ನಮ್ಮ ಕಡೆ ಪ್ರಾಚಾರ್ಯರು ಅಂತಾರ" ಅಂತ ಹೊಡೆದು ತಿದ್ದಿದರು. "ಟೂಲ್" ಅಂತ ಇದ್ದಲ್ಲೆಲ್ಲ "ಹತಾರ" ಅಂತಲೂ ಬರೆದಿದ್ದರು. ಅದನ್ನು ಮಾತ್ರ ನಾನು ಒಪ್ಪಿಲ್ಲ, ವಾದ ಇನ್ನೂ ನಡೆದಿದೆ.